ಬಿಟ್ಟ ಸ್ಥಳ

ನಮ್ಮಪ್ಪ ಹತ್ತಿ ಹಿಂಜುತ್ತಿದ್ದ, ಭುಜದ ಮೇಲೆ ಬಿಲ್ಲು.
ನಾನು ಬೆಳಕನ್ನು ಬಾಡಿಗೆಗೆ ಕೊಡುತ್ತೇನೆ:
ದಿನಕ್ಕೆ ಎರಡು ಸಾವಿರ, ಪರದೆ ಬೇರೆ, ಜನರೇಟರ್ ಬೇರೆ.
ಮದುವೆ, ಆರತಕ್ಷತೆ, ಕ್ರಿಕೆಟ್ ಫೈನಲ್ಲು.
ಮಾರ್ಚಿನ ಒಂದು ಮಧ್ಯಾಹ್ನ ಹೆಲ್ಮೆಟ್ ಕೈಯಲ್ಲಿ ಹಿಡಿದು
ಒಬ್ಬ ಹುಡುಗಿ ಬಂದಳು.
'ಪ್ರೊಜೆಕ್ಟರ್ ಮೂರು ಬೇಕು, ಹುಸೇನ್‌ಪೀರಣ್ಣ,
ಪರದೆ ಬೇಡ.'

ಪರದೆಯಿಲ್ಲದೆ ಎಲ್ಲಿ ಬೀಳಬೇಕಮ್ಮ ಚಿತ್ರ?

'ಹತ್ತಿಯ ಮೇಲೆ.'

ಮುಚ್ಚಿದ ಮಿಲ್ಲಿನ ಗೋದಾಮು. ತಗಡಿನ ಸಂದಿಯಲ್ಲಿ ಪಾರಿವಾಳ.
ಸೂರಿನಿಂದ ನೆಲದ ತನಕ ಹಿಂಜಿದ ಅರಳೆಯ ಗೋಡೆ ಇಳಿಬಿಟ್ಟಿದ್ದಳು,
ಉಸಿರು ಬಿಟ್ಟರೂ ಅಲುಗುತ್ತಿತ್ತು.
ಅದರ ಮೇಲೆ ಒಂದು ಪುಸ್ತಕ, ಸಾಲು ಸಾಲಾಗಿ.
ಕಡಲಾಚೆಯ ಯಾವುದೋ ಹತ್ತಿಹೊಲದ ಕಥೆ,
ಮಾರಿಹೋದ ಮನುಷ್ಯರದು,
ಕೊಂಡವರ ಕಡೆಯವರೇ ಬರೆದದ್ದು.
ಅಲ್ಲಿಯವರು ಈಗಲೂ ಕಣ್ಣೊರೆಸಿಕೊಂಡು ಓದುತ್ತಾರಂತೆ.
ಕನ್ನಡಕ್ಕೆ ತಂದ ಮೇಷ್ಟರು
ಅದರೊಳಗಿನ ಒಂದು ಬೈಗುಳಕ್ಕೆ
ಉದ್ದಕ್ಕೂ 'ಕರಿಯ' ಎಂದು ಬರೆದಿದ್ದರಂತೆ.

'ಕರಿಯ ಅಂದ್ರೆ ಬೈಗುಳ ಹೇಗಾಗುತ್ತಣ್ಣ?
ನಮ್ಮಜ್ಜ ಕರಿಯಪ್ಪ. ಜಗಳೂರು ಕಡೆ ನಮ್ಮ ದೇವರು ಕರಿಯಮ್ಮ.
ಕುಂಕುಮ ಹಚ್ಚಿ ಕೈಮುಗಿಯೋ ಬಣ್ಣ ಅದು.
ಬೈಯೋಕೆ ನಮ್ಮೂರಲ್ಲಿ ಬೇರೆ ಪದ ಇದೆ.
ಮೇಷ್ಟ್ರಿಗೆ ಗೊತ್ತಿತ್ತು. ಬರೀಲಿಲ್ಲ.'
ಹೀಗಂದವಳ ಹೆಸರು ಶಾಲೆಯ ದಾಖಲೆಯಲ್ಲಿ ಶ್ವೇತಾ.
ಅದನ್ನೂ ಅವಳೇ ಹೇಳಿ ನಕ್ಕಳು.
ನಾನು ಕೇಬಲ್ಲು ಸುತ್ತುತ್ತಿದ್ದೆ.

ಆ ಪದ ಬಂದಲ್ಲೆಲ್ಲ ಅಳಿಸಿದ್ದಳು.
ಸಾಲು ಓಡುತ್ತ ಓಡುತ್ತ ಅಲ್ಲಿಗೆ ಬಂದರೆ
ಬರೀ ಬೆಳಕು, ಪರೀಕ್ಷೆಯ ಬಿಟ್ಟ ಸ್ಥಳದ ಹಾಗೆ.
ಆಗ ಮೂಲೆಯ ಸ್ಪೀಕರಿನಲ್ಲಿ ಒಂದು ಸದ್ದು,
ತುಟಿ ಚೂಪು ಮಾಡಿ ಗಾಳಿ ಒಳಗೆಳೆದಂತೆ.

ಅದೇನೆಂದು ಕೇಳಿದೆ.
ಲಾಳಿಯ ಕಣ್ಣಿಗೆ ನೂಲು ಪೋಣಿಸಲು
ಮಗ್ಗದವರು ಬಾಯಿಟ್ಟು ಹೀರಬೇಕಿತ್ತಂತೆ.
ಒಬ್ಬರ ಎಂಜಲು ಇನ್ನೊಬ್ಬರ ತುಟಿಗೆ.
ಅದಕ್ಕೇ ಅವಳಜ್ಜನಿಗೆ ಮಗ್ಗದ ಖಾತೆಯ ಬಾಗಿಲು ತೆರೆಯಲಿಲ್ಲ.
ಮೂವತ್ತೊಂದು ವರ್ಷ ಬೇಲು ಹೊತ್ತ, ದೂಳು ಗುಡಿಸಿದ,
ಹಬ್ಬಕ್ಕೆ ಅದೇ ಮಿಲ್ಲಿನ ಬಟ್ಟೆ ದುಡ್ಡು ಕೊಟ್ಟು ಕೊಂಡ.
ಅವನು ಎಂದೂ ಎಳೆಯದ ಆ ಉಸಿರನ್ನು
ಮೊಮ್ಮಗಳು ಮೈಕಿಗೆ ಬಾಯಿಟ್ಟು ಎಳೆದಿದ್ದಾಳೆ
ನಾನೂರ ಹನ್ನೆರಡು ಸಲ,
ಪುಸ್ತಕದಲ್ಲಿ ಆ ಪದ ಬಂದಷ್ಟು.

ಸಂಜೆ ಜನ ಬಂದರು. ಕಾಲೇಜು ಹುಡುಗರು, ಎರಡು ಮೂರು ಜುಬ್ಬಾ,
ಮಂಡಕ್ಕಿ ಭಟ್ಟಿಯಿಂದ ನೇರ ಬಂದ ಹೆಂಗಸರು, ಹುಬ್ಬಿನಲ್ಲಿ ಮಸಿ.
ಬೆಳಕಿಗೆ ಅಡ್ಡ ಬಂದವರ ಮೈಮೇಲೆ ಸಾಲು ಬಿತ್ತು:
ಒಬ್ಬರ ಬೆನ್ನಿಗೆ ಹರಾಜಿನ ಬೆಲೆ,
ಒಂದು ಮಗುವಿನ ಹಣೆಗೆ 'ಓಡು'.

ಮಗ್ಗದ ಖಾತೆಯ ಹಳೇ ಜಾಬರ್ ಮುರಿಗೆಪ್ಪ
ಖಾಲಿ ಜಾಗದೆದುರು ಕೋಲೂರಿ ನಿಂತ.
'ಇಲ್ಲೇನೋ ಬಿಟ್ಟುಹೋಗಿದೆಯಲ್ಲ ತಾಯಿ, ಏನಿತ್ತು?'
'ನೀವೇ ಹೇಳಿ, ಅಜ್ಜಾರೆ.'
ಅವನ ತುಟಿ ಅಲುಗಿತು. ಸ್ಪೀಕರು ಉಸಿರೆಳೆಯಿತು.
ಆಮೇಲೆ ಕೂರಲು ಒಂದು ಕುರ್ಚಿ ಕೇಳಿದ.

ಮುದುಕನನ್ನು ನೋಡಿ ಒಳಗೊಳಗೇ ನಗು ಬಂತು ನನಗೆ.
ನಮ್ಮನ್ನೂ ಅಂದವರಿದ್ದಾರೆ, ಪಿಂಜಾರ ಎಂದು ಮೂಗೆಳೆದು,
ಎರಡೂ ಕಡೆಯವರು.
ನನ್ನ ಬಾಯಿಗೆ ಅದೇ ಬಂದೀತೆಂದು ಎದುರು ನಿಂತೆ.
ಸಾಲು ಓಡಿಬಂತು, ಬೆಳಕಾಯಿತು,
ನಾಲಗೆ ತುದಿಗೆ ಬಂದದ್ದು ನನಗೆ ಅಂದದ್ದಲ್ಲ,
ನಾನು ಅಂದದ್ದು.
ಹೋದ ವರ್ಷ ಛತ್ರದಲ್ಲಿ, ವೈರು ಎಳೆಯುವ ಹುಡುಗ
ಗೊತ್ತಿಲ್ಲದೆ ನನ್ನ ಲೋಟದಲ್ಲಿ ಚಹ ಕುಡಿದಾಗ.
ಲೋಟ ತೊಳೆದು ಬೋರಲು ಹಾಕಿ ಹೋದ.
ಮರುದಿನ ಬರಲಿಲ್ಲ. ಕೂಲಿಗೂ ಬರಲಿಲ್ಲ.

ಒಂಬತ್ತಕ್ಕೆ ಎಲ್ಲ ಆರಿಸಿದೆವು.
ಪ್ರೊಜೆಕ್ಟರಿನ ಫ್ಯಾನು ಬಿಸಿ ಬಿಡುತ್ತಿತ್ತು ಇನ್ನೂ.
ಬಾಡಿಗೆ ಎಣಿಸಿಕೊಟ್ಟಳು, ಚಿಲ್ಲರೆ ಸಮೇತ.
ಅಂಗಿಗೆಲ್ಲ ಅರಳೆ, ಅಪ್ಪನಿಗೆ ಅಂಟಿರುತ್ತಿದ್ದ ಹಾಗೆಯೇ.
ಕೊಡವದೆ ಗಾಡಿ ಹತ್ತಿ
ಪಿ.ಬಿ. ರಸ್ತೆಯ ಬದಿಗೆ ನಿಲ್ಲಿಸಿ ಫೋನು ತೆಗೆದೆ.
ಆ ಹುಡುಗನ ನಂಬರು ಇದೆ.
ಹೆಸರು ಇರಬೇಕಾದಲ್ಲಿ
'ವೈರ್ ಹುಡುಗ' ಅಂತಿದೆ.